ಕಾರಿನೊಳಗೊಂದು ವಾಯುಭಾರಮಾಪಕ

ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯ ಕಡೆಯಿಂದ ಹೊರಟು, ಮಾಸ್ತಿಕಟ್ಟೆ ಹುಲಿಕಲ್ಲುಗಳನ್ನು ದಾಟಿ, ಬಾಳೆಬರೆ ಘಾಟಿಯ ತಿರುವುಗಳನ್ನಿಳಿದು ಕುಂದಾಪುರದತ್ತ ಸಾಗುವವರಿಗೆ ಒಂದು ಅನುಭವವು ಚಿರಪರಿಚಿತವಾದುದು. ಘಾಟಿ ಅರ್ಧ ಇಳಿಯುವಷ್ಟರಲ್ಲಿ ಕಿವಿಗಳು ಕಟ್ಟಿದಂತಾಗುತ್ತವೆ. ಉಗುಳು ನುಂಗಿದೊಡನೆ ಬಿಟ್ಟುಕೊಳ್ಳುತ್ತವೆ. ಮಲೆನಾಡಿನ ಈ ಭಾಗವು ಸಮುದ್ರಮಟ್ಟಕ್ಕಿಂತ ಸುಮಾರು ೬೦೦ ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಹೆಚ್ಚುಕಡಮೆ ೯೪ ಕಿಲೋಪಾಸ್ಕಲ್. ಕಡಲ ತೀರದಲ್ಲಿ ೧೦೧. ಪಾದರಸದ ಕಂಬದ ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಘಾಟಿಯ ಮೇಲೆ ಸುಮಾರು ೭೦೫ ಮಿಲಿಮೀಟರು, ಕೆಳಗೆ ೭೬೦ಕ್ಕೆ ಸಮೀಪ. ಕಿವಿಯ ತಮಟೆಯ ಹೊರಬದಿಯ ಒತ್ತಡ ಏರುತ್ತಿರುವಾಗ ಒಳಬದಿಯದು ಹಿಂದೆ ಬೀಳುತ್ತದೆ. ಆ ಸೂಕ್ಷ್ಮವಾದ ಪೊರೆ ಒಳಕ್ಕೆ ಬಾಗುತ್ತದೆ. ಕಿವಿ ಕಟ್ಟುವುದೆಂದರೆ ಇಷ್ಟೇ.

ನಾವು ಕುಳಿತಿರುವ ಕಾರಿಗೂ ಇಂಥದೊಂದು ಕಿವಿಯುಂಟು. ಎಂಜಿನಿನ ಗಾಳಿಕೊಳವೆಯ ಮೇಲೆ, ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಕರಿಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಒಂದೆರಡು ತಿರುಪುಗಳಿಂದ ಬಿಗಿದಿರುತ್ತಾರೆ. ಅದರಿಂದ ಮೂರು ಅಥವಾ ನಾಲ್ಕು ತಂತಿಗಳು ಹೊರಡುತ್ತವೆ. ಗ್ಯಾರೇಜುಗಳಲ್ಲಿ ಇದಕ್ಕೆ ಮ್ಯಾಪ್ ಸೆನ್ಸರ್ ಎಂದು ಹೆಸರು. ಎಂಜಿನು ಉಸಿರೆಳೆದುಕೊಳ್ಳುವ ಕೊಳವೆಯೊಳಗಿನ ಒತ್ತಡವನ್ನು ಅಳೆದು ತಿಳಿಸುವುದು ಅದರ ಕೆಲಸ. ಪೆಟ್ರೋಲು ಹೆಚ್ಚು ಕುಡಿಯುವ, ನಿಂತಲ್ಲಿ ನಡುಗುವ, ಏರಿನಲ್ಲಿ ಮುಗ್ಗರಿಸುವ ಕಾರುಗಳಲ್ಲಿ ಮೊದಲು ಸಂಶಯಕ್ಕೆ ಗುರಿಯಾಗುವುದೂ, ಹಲವು ವೇಳೆ ನಿಷ್ಕಾರಣವಾಗಿ ಬದಲಾಯಿಸಲ್ಪಡುವುದೂ ಇದೇ. ಇದು ಒಂದು ವಾಯುಭಾರಮಾಪಕವೆಂಬುದನ್ನು ಮನಗಂಡವರು ಇದನ್ನು ತಾವೇ ಪರೀಕ್ಷಿಸಬಲ್ಲರು.

ಮೊದಲು ಎಂಜಿನಿನ ಉಸಿರಾಟವನ್ನು ನೋಡೋಣ. ಪಿಸ್ಟನ್ನು ಕೆಳಗಿಳಿಯುವಾಗ ಸಿಲಿಂಡರಿನಲ್ಲಿ ತೆರವು ಉಂಟಾಗುತ್ತದೆ. ಹೊರಗಿನ ಗಾಳಿ ಆ ತೆರವನ್ನು ತುಂಬಲು ನುಗ್ಗುತ್ತದೆ. ಆದರೆ ದಾರಿಯಲ್ಲಿ ಥ್ರಾಟಲ್ ಎಂಬ ಬಾಗಿಲಿದೆ. ನಾವು ಕಾಲಿನಿಂದ ಅದುಮುವ ಆಕ್ಸಿಲರೇಟರು ಪೆಟ್ರೋಲನ್ನು ಬಿಡುತ್ತದೆಯೆಂದು ಜನ ಭಾವಿಸುವುದುಂಟು. ವಾಸ್ತವವಾಗಿ ಅದು ಗಾಳಿಯ ಬಾಗಿಲನ್ನು ತೆರೆಯುತ್ತದೆ. ಎಳನೀರನ್ನು ಹೀರುಗೊಳವೆಯಿಂದ ಕುಡಿಯುತ್ತಿರುವಾಗ ಕೊಳವೆಯ ನಡುವನ್ನು ಬೆರಳುಗಳಿಂದ ಅದುಮಿದರೆ ಏನಾಗುತ್ತದೆ? ಎಷ್ಟು ಜೋರಾಗಿ ಹೀರಿದರೂ ಎಳನೀರು ಬಾರದು. ಅದುಮಿದ ಜಾಗದಿಂದ ಬಾಯಿಯವರೆಗಿನ ಭಾಗದಲ್ಲಿ ಒತ್ತಡ ಕುಸಿದು ಕೊಳವೆಯ ಗೋಡೆಗಳೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಥ್ರಾಟಲಿಗೂ ಸಿಲಿಂಡರುಗಳಿಗೂ ನಡುವಣ ಮ್ಯಾನಿಫೋಲ್ಡ್ ಎಂಬ ಗಾಳಿಕೊಳವೆಯ ಸ್ಥಿತಿಯೂ ಇದೇ.

ಬಿಸಿಯೇರಿದ, ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನು ನಿಂತಲ್ಲಿಯೇ ಮೆಲ್ಲಗೆ ಓಡುತ್ತಿರುವಾಗ ಅದರ ಮ್ಯಾನಿಫೋಲ್ಡಿನ ಒತ್ತಡ ೩೦ರಿಂದ ೪೦ ಕಿಲೋಪಾಸ್ಕಲ್ ಇರುತ್ತದೆ. ಹೊರಗಿನ ಒತ್ತಡದ ಮೂರನೆಯ ಒಂದು ಪಾಲಿನಷ್ಟು. ಏರಿನಲ್ಲಿ ಥ್ರಾಟಲನ್ನು ಪೂರ್ತಿ ತೆರೆದಾಗ ಅದು ಹೊರಗಿನ ಒತ್ತಡಕ್ಕೆ ಬಹುಮಟ್ಟಿಗೆ ಸಮನಾಗುತ್ತದೆ. ಘಾಟಿಯಲ್ಲಿ ಗೇರನ್ನು ಬಿಡದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ೨೦–೨೫ಕ್ಕೆ ಕುಸಿಯುತ್ತದೆ. ಒತ್ತಡ ಇಷ್ಟು ಕಡಮೆಯಾಗಿ ಎಂಜಿನಿನ ವೇಗ ಮಾತ್ರ ಹೆಚ್ಚಿರುವುದನ್ನು ಕಂಡ ಗಣಕವು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಉಳಿತಾಯವಾಗುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕಿಕೊಂಡು ಬರುವವರು ಈ ಮಾತನ್ನು ಗಮನಿಸಬೇಕು: ನ್ಯೂಟ್ರಲ್ಲಿನಲ್ಲಿ ಎಂಜಿನು ಪೆಟ್ರೋಲನ್ನು ಕುಡಿಯುತ್ತಲೇ ಇರುತ್ತದೆ, ಬ್ರೇಕುಗಳು ಸುಮ್ಮನೆ ಕಾಯುತ್ತವೆ.

ಒತ್ತಡವನ್ನು ತಿಳಿದರೆ ಗಾಳಿಯ ತೂಕವನ್ನು ತಿಳಿದಂತೆಯೇ ಸರಿ. ಬಾಯ್ಲ್ ಮತ್ತು ಚಾರ್ಲ್ಸ್ ಇವರ ನಿಯಮಗಳನ್ನು ಕೂಡಿಸಿ ನಾವು ತರಗತಿಯಲ್ಲಿ ಕಲಿಸುವ ಅನಿಲ ಸಮೀಕರಣವನ್ನು ಎಂಜಿನಿನ ಗಣಕವು ಸೆಕೆಂಡಿಗೆ ಹಲವು ಬಾರಿ ಬಿಡಿಸುತ್ತಿರುತ್ತದೆ. ೧೨೦೦ ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರುಗಳ ಎಂಜಿನನ್ನು ತೆಗೆದುಕೊಳ್ಳಿ. ಒಂದೊಂದು ಸಿಲಿಂಡರಿಗೆ ೩೦೦ ಘನ ಸೆಂಟಿಮೀಟರು. ಮ್ಯಾನಿಫೋಲ್ಡಿನಲ್ಲಿ ೩೫ ಕಿಲೋಪಾಸ್ಕಲ್ ಒತ್ತಡ, ೨೭ ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದ್ದರೆ ಅಷ್ಟು ಜಾಗದಲ್ಲಿ ಹಿಡಿಯುವ ಗಾಳಿಯ ತೂಕ ೦.೧೨ ಗ್ರಾಂ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ಗ್ರಾಂ ಗಾಳಿ ಬೇಕು. ಅಂದಮೇಲೆ ಆ ಸಿಲಿಂಡರಿಗೆ ಸಲ್ಲಬೇಕಾದ ಪೆಟ್ರೋಲು ಸುಮಾರು ೮ ಮಿಲಿಗ್ರಾಂ. ಒತ್ತಡ ೯೪ಕ್ಕೆ ಏರಿದರೆ ಗಾಳಿ ೦.೩೩ ಗ್ರಾಂ, ಪೆಟ್ರೋಲು ೨೨ ಮಿಲಿಗ್ರಾಂ. ಸಿಲಿಂಡರು ಎಂದೂ ಪೂರ್ತಿಯಾಗಿ ತುಂಬುವುದಿಲ್ಲವಾದ್ದರಿಂದ ಕಾರ್ಖಾನೆಯಲ್ಲಿ ಪ್ರಯೋಗದಿಂದ ಕಂಡುಕೊಂಡ ಒಂದು ಗುಣಕದಿಂದ ಈ ಅಂಕಿಗಳನ್ನು ತಿದ್ದಿಕೊಳ್ಳುತ್ತಾರೆ. ಎಲ್ಲ ಕಾರುಗಳಲ್ಲಿಯೂ ಹೀಗೆಯೇ ಇರಬೇಕೆಂದಿಲ್ಲ. ಬಿಸಿಮಾಡಿದ ತಂತಿಯೊಂದನ್ನು ಗಾಳಿಯ ದಾರಿಯಲ್ಲಿಟ್ಟು ಗಾಳಿಯ ಹರಿವನ್ನು ನೇರವಾಗಿ ಅಳೆಯುವ ಕ್ರಮವೂ ಉಂಟು. ಅದು ಬೇರೆಯ ಕಥೆ.

ಕಿವಿಯ ಹೋಲಿಕೆಯನ್ನು ಇಲ್ಲಿ ಒಂದಿಷ್ಟು ತಿದ್ದಬೇಕಾಗುತ್ತದೆ. ನಮ್ಮ ಕಿವಿಯ ತಮಟೆಯ ಎರಡು ಬದಿಗಳಲ್ಲಿಯೂ ಗಾಳಿಯಿದೆ. ಆದಕಾರಣ ಅದಕ್ಕೆ ತಿಳಿಯುವುದು ಎರಡು ಒತ್ತಡಗಳ ಅಂತರ ಮಾತ್ರ. ಉಗುಳು ನುಂಗಿ ಎರಡನ್ನೂ ಸಮಮಾಡಿದೊಡನೆ ಘಾಟಿಯ ಮೇಲಿದ್ದೇವೋ ಕೆಳಗಿದ್ದೇವೋ ಎಂಬುದು ಕಿವಿಗೆ ಮರೆತೇಹೋಗುತ್ತದೆ. ಸೆನ್ಸರಿನ ಪೊರೆಯ ಒಂದು ಬದಿಯಲ್ಲಿ ಮಾತ್ರ ಗಾಳಿ ಸೋಕುತ್ತದೆ. ಇನ್ನೊಂದು ಬದಿಯಲ್ಲಿರುವುದು ತಯಾರಿಸುವಾಗಲೇ ಗಾಳಿಯನ್ನು ಹೊರದೂಡಿ ಶಾಶ್ವತವಾಗಿ ಮುಚ್ಚಿದ ನಿರ್ವಾತ. ಆದ್ದರಿಂದ ಅದು ಅಳೆಯುವುದು ನಿರಪೇಕ್ಷ ಒತ್ತಡವನ್ನು. ಘಾಟಿಯನ್ನು ಹತ್ತಿದ ಕಾರಿಗೆ ಗಾಳಿ ನೂರಕ್ಕೆ ಏಳರಷ್ಟು ವಿರಳವಾಗುತ್ತದೆಯಷ್ಟೆ. ಯಾರೂ ಏನನ್ನೂ ತಿರುಗಿಸದೆ, ಪೆಟ್ರೋಲು ಅದಕ್ಕೆ ತಕ್ಕಂತೆ ತಾನಾಗಿ ಇಳಿಯುವುದು ಇದರಿಂದಲೇ.

ಪಾದರಸದ ನಳಿಗೆಯನ್ನು ಬೆಟ್ಟದ ಮೇಲೆ ಕೊಂಡೊಯ್ದು ಎತ್ತರಕ್ಕೆ ಹೋದಂತೆಲ್ಲ ಗಾಳಿಯ ಒತ್ತಡ ತಗ್ಗುವುದೆಂದು ಮೊದಲು ತೋರಿಸಿದುದು ೧೬೪೮ರಲ್ಲಿ. ಫ್ರಾನ್ಸಿನ ಪಾಸ್ಕಲ್ ಪ್ರಯೋಗವನ್ನು ಸೂಚಿಸಿದನು. ಅವನ ಭಾವನಾದ ಪೆರಿಯೇ ಎಂಬವನು ಪ್ವಿ ದ ಡೋಮ್ ಬೆಟ್ಟವನ್ನು ಹತ್ತಿ ಅದನ್ನು ನೆರವೇರಿಸಿದನು. ಇಂದು ಒತ್ತಡದ ಮಾನಕ್ಕೆ ಪಾಸ್ಕಲನ ಹೆಸರಿದೆ. ಹತ್ತಿದವನ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ೧೮೪೪ರಲ್ಲಿ ವಿದೀ ಎಂಬ ಇನ್ನೊಬ್ಬ ಫ್ರೆಂಚನು ಪಾದರಸವನ್ನು ಬಿಟ್ಟು, ಗಾಳಿಯನ್ನು ತೆಗೆದು ಮುಚ್ಚಿದ ತೆಳ್ಳನೆಯ ಲೋಹದ ಡಬ್ಬಿಯನ್ನು ಬಳಸಿ ನಿರ್ದ್ರವ ವಾಯುಭಾರಮಾಪಕವನ್ನು ಮಾಡಿದನು. ಕಾರಿಗೆ ಇಳಿದದ್ದು ಆ ಡಬ್ಬಿಯೇ. ಜರ್ಮನಿಯ ಬಾಷ್ ಸಂಸ್ಥೆಯವರು ೧೯೬೭ರಲ್ಲಿ ಫೋಕ್ಸ್‌ವ್ಯಾಗನ್ ೧೬೦೦ ಕಾರಿಗಾಗಿ ರೂಪಿಸಿದ ಡಿ-ಜೆಟ್ರಾನಿಕ್ ಎಂಬ ವಿದ್ಯುನ್ನಿಯಂತ್ರಿತ ಇಂಧನ ವ್ಯವಸ್ಥೆಯಲ್ಲಿ ಇಂಥ ಡಬ್ಬಿಗಳು ಹಿಗ್ಗಿ ಕುಗ್ಗಿ, ತಂತಿಸುರುಳಿಯ ನಡುವಣ ಕಬ್ಬಿಣದ ತಿರುಳನ್ನು ಅತ್ತಿತ್ತ ಸರಿಸುತ್ತಿದ್ದುವು. ಆ ಹೆಸರಿನ ‘ಡಿ’ ಅಕ್ಷರವು ಜರ್ಮನ್ ಭಾಷೆಯಲ್ಲಿ ಒತ್ತಡಕ್ಕಿರುವ ‘ದ್ರುಕ್’ ಎಂಬ ಪದದ ಮೊದಲಕ್ಷರ. ನಮ್ಮ ದೇಶದಲ್ಲಿ ಹೊಗೆಯ ನಿಯಮಗಳು ಬಿಗಿಯಾದುದರಿಂದ ೨೦೦೦ದ ಸುಮಾರಿಗೆ ಕಾರುಗಳಲ್ಲಿ ಕಾರ್ಬುರೇಟರು ಹಿಂದೆ ಸರಿದು ಒತ್ತಡದ ಸೆನ್ಸರು ಎಲ್ಲೆಡೆ ಕಾಣಿಸಿಕೊಂಡಿತು.

ಈಗಿನ ಸೆನ್ಸರಿನಲ್ಲಿ ಡಬ್ಬಿಯೂ ಇಲ್ಲ, ಸುರುಳಿಯೂ ಇಲ್ಲ. ಅಕ್ಕಿಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಸಿಲಿಕಾನ್ ಹರಳಿನ ಚೂರು, ಅದರ ನಡುವೆ ಕೂದಲಿಗಿಂತ ತೆಳುವಾಗಿ ಕೊರೆದ ಒಂದು ಪೊರೆ, ಪೊರೆಯ ಅಂಚುಗಳಲ್ಲಿ ನಾಲ್ಕು ವಿದ್ಯುತ್ ರೋಧಗಳು, ಇಷ್ಟೇ ಅದರ ಸಾಮಗ್ರಿ. ಒತ್ತಡದಿಂದ ಪೊರೆ ಬಾಗಿದರೆ ಎರಡು ರೋಧಗಳು ಹೆಚ್ಚುತ್ತವೆ, ಎರಡು ಕಡಮೆಯಾಗುತ್ತವೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ವೀಟ್‌ಸ್ಟನ್ ಸೇತುವೆಯನ್ನು ಸಮತೋಲಕ್ಕೆ ತರಲು ಹೆಣಗಿದವರಿಗೆ ಇದು ಅದೇ ಸೇತುವೆಯೆಂದು ಥಟ್ಟನೆ ಹೊಳೆಯುತ್ತದೆ. ಎಳೆತಕ್ಕೆ ಸಿಲಿಕಾನಿನ ರೋಧ ಬಹಳವಾಗಿ, ಲೋಹದ ತಂತಿಗಿಂತ ಹತ್ತಾರು ಪಟ್ಟು ಹೆಚ್ಚಾಗಿ, ಬದಲಾಗುತ್ತದೆಯೆಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಸ್ಮಿತ್ ೧೯೫೪ರಲ್ಲಿ ಪ್ರಕಟಿಸಿದರು. ಅದಿಲ್ಲದಿದ್ದರೆ ಇಷ್ಟು ಚಿಕ್ಕ ಸಾಧನವು ಸಾಧ್ಯವಾಗುತ್ತಿರಲಿಲ್ಲ.

ಇನ್ನು ಪರೀಕ್ಷೆಗೆ ಬರೋಣ. ಎಂಜಿನನ್ನು ಚಾಲೂ ಮಾಡದೆ ಕೀಲಿಯನ್ನು ಒಂದು ಹಂತ ತಿರುಗಿಸಿದಾಗ ಸೆನ್ಸರಿಗೆ ವಿದ್ಯುತ್ತು ದೊರೆಯುತ್ತದೆ, ಆದರೆ ಹೀರುವವರು ಯಾರೂ ಇಲ್ಲ. ಕೊಳವೆಯೊಳಗಿನ ಒತ್ತಡವೂ ಹೊರಗಿನ ಒತ್ತಡವೂ ಒಂದೇ. ಆ ಕ್ಷಣದಲ್ಲಿ ಸೆನ್ಸರು ಶುದ್ಧ ವಾಯುಭಾರಮಾಪಕ. ಗಣಕವು ಕೂಡ ಅನೇಕ ಕಾರುಗಳಲ್ಲಿ ಆ ದಿನದ ವಾಯುಭಾರವನ್ನು ಆಗಲೇ ಗುರುತಿಸಿಕೊಳ್ಳುತ್ತದೆ. ಮೊಬೈಲಿಗೆ ಜೋಡಿಸಿ ಕಾರಿನ ಅಂಕಿಗಳನ್ನು ಓದುವ ಪುಟ್ಟ ಸಾಧನಗಳು ಕೆಲವು ನೂರು ರೂಪಾಯಿಗಳಿಗೆ ಸಿಗುತ್ತವೆ. ಅದರ ಮೂಲಕ ಮ್ಯಾನಿಫೋಲ್ಡ್ ಒತ್ತಡವನ್ನು ಓದಿರಿ. ಅರಳಸುರಳಿ, ತೀರ್ಥಹಳ್ಳಿಗಳ ಸುತ್ತಿನಲ್ಲಿ ೯೩ರಿಂದ ೯೫ ಬಂದರೆ ಸೆನ್ಸರು ಈ ಮಟ್ಟದಲ್ಲಿ ಸರಿಯಾಗಿದೆ. ಕುಂದಾಪುರದಲ್ಲಿ ಮತ್ತೆ ಓದಿದರೆ ೧೦೦ ಅಥವಾ ೧೦೧ ಬರಬೇಕು. ಸುಮಾರು ೮೫ ಮೀಟರು ಇಳಿದಂತೆಲ್ಲ ಒಂದು ಕಿಲೋಪಾಸ್ಕಲ್ ಏರಬೇಕಾದುದು ನಿಯಮ. ಮಳೆಗಾಲದಲ್ಲಿ ಚಳಿಗಾಲಕ್ಕಿಂತ ಒಂದು ಅಂಕಿ ಕಡಮೆ ಬಂದರೆ ಗಾಬರಿಯಾಗಬೇಕಿಲ್ಲ. ಆಗ ವಾಯುಭಾರವೇ ಕಡಮೆ.

ಇಲ್ಲೊಂದು ಎಚ್ಚರಿಕೆ ಅವಶ್ಯ. ಹವಾಮಾನ ವರದಿಗಳಲ್ಲಿ ಕೊಡುವ ಒತ್ತಡವನ್ನು ಸಮುದ್ರಮಟ್ಟಕ್ಕೆ ಪರಿವರ್ತಿಸಿ ಕೊಟ್ಟಿರುತ್ತಾರೆ. ಮಲೆನಾಡಿನ ಊರಿಗೂ ಅದರಲ್ಲಿ ೧೦೧ ಎಂಬಂತೆಯೇ ಇರುತ್ತದೆ. ಅದನ್ನು ನಂಬಿ ೯೪ ತೋರುವ ಸೆನ್ಸರನ್ನು ಕಿತ್ತೆಸೆದರೆ ಒಳ್ಳೆಯ ಸಾಕ್ಷಿಯನ್ನು ಸುಳ್ಳನೆಂದು ಶಿಕ್ಷಿಸಿದಂತಾಗುತ್ತದೆ.

ಓದುವ ಸಾಧನವಿಲ್ಲದವರಿಗೆ ಮಲ್ಟಿಮೀಟರು ಸಾಕು. ಮೂರು ತಂತಿಗಳಲ್ಲಿ ಒಂದು ಐದು ವೋಲ್ಟನ್ನು ತರುತ್ತದೆ, ಒಂದು ಅರ್ತ್, ಇನ್ನೊಂದು ಸುದ್ದಿಯನ್ನು ಒಯ್ಯುವುದು. ನಾಲ್ಕನೆಯದಿದ್ದರೆ ಅದು ಗಾಳಿಯ ಉಷ್ಣತೆಗೆ. ಸಾಧಾರಣ ಪೆಟ್ರೋಲ್ ಕಾರುಗಳಲ್ಲಿ ಕೀಲಿ ತಿರುಗಿಸಿದಾಗ ಸುದ್ದಿಯ ತಂತಿಯಲ್ಲಿ ೪ ವೋಲ್ಟಿನ ಆಸುಪಾಸು, ನಿಂತಲ್ಲಿ ಓಡುವಾಗ ೧ರಿಂದ ೧.೫ ವೋಲ್ಟು ಇರುತ್ತದೆ. ತಯಾರಕರಿಂದ ತಯಾರಕರಿಗೆ ಇದು ಸ್ವಲ್ಪ ಬದಲಾಗುವುದುಂಟು. ಸೆನ್ಸರನ್ನು ಬಿಚ್ಚಿ, ತಂತಿಗಳನ್ನು ಜೋಡಿಸಿಯೇ ಇಟ್ಟುಕೊಂಡು, ಅದರ ಮೂತಿಗೆ ಶುಚಿಯಾದ ರಬ್ಬರು ನಳಿಗೆಯನ್ನು ಸಿಕ್ಕಿಸಿ ಬಾಯಿಂದ ಮೆಲ್ಲಗೆ ಹೀರಿದರೆ ವೋಲ್ಟು ಇಳಿಯಬೇಕು. ಒಂದು ಕಿಲೋಪಾಸ್ಕಲಿಗೆ ಸುಮಾರು ೦.೦೪ ವೋಲ್ಟಿನ ಲೆಕ್ಕ. ಐದು ಕಿಲೋಪಾಸ್ಕಲ್, ಎಂದರೆ ಅರ್ಧ ಮೀಟರು ನೀರನ್ನು ಮೇಲೆತ್ತುವಷ್ಟು ಹೀರುವುದು ಯಾರಿಗೂ ಕಷ್ಟವಲ್ಲ. ಹೀರಿದಾಗ ಇಳಿದು, ಬಿಟ್ಟಾಗ ಮೊದಲಿನ ಅಂಕಿಗೇ ಮರಳುವ ಸೆನ್ಸರು ಜೀವಂತವಾಗಿದೆಯೆಂದು ತಿಳಿಯಬಹುದು.

ಈಗ ಅರಳಸುರಳಿಯಲ್ಲಿ ಒಬ್ಬರ ಕಾರಿದೆಯೆಂದಿಟ್ಟುಕೊಳ್ಳೋಣ. ಕೆಲವು ದಿನಗಳಿಂದ ಅದು ನಿಂತಲ್ಲಿ ಸ್ಥಿರವಾಗಿ ಓಡುತ್ತಿಲ್ಲ. ಚೆಕ್ ಎಂಜಿನ್ ದೀಪ ಹೊತ್ತಿದೆ. ಸಾಧನವನ್ನು ಜೋಡಿಸಿದರೆ ಒತ್ತಡಕ್ಕೆ ಸಂಬಂಧಿಸಿದ ದೋಷಸಂಖ್ಯೆ ಬರುತ್ತದೆ. ನಿಂತಲ್ಲಿ ಓಡುವಾಗಿನ ಒತ್ತಡ ೩೫ ಇರಬೇಕಾದಲ್ಲಿ ೫೫. ಸೆನ್ಸರು ಕೆಟ್ಟಿದೆಯೆಂದು ಹೊಸದನ್ನು ತರಿಸುತ್ತಾರೆ, ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಹೊಸದೂ ೫೫ ಎನ್ನುತ್ತದೆ. ಕೀಲಿಯನ್ನು ಮಾತ್ರ ತಿರುಗಿಸಿ ಹಳೆಯದನ್ನು ಒಮ್ಮೆ ಕೇಳಿದ್ದರೆ ಅದು ೯೪ ಎಂದು ಸರಿಯಾಗಿಯೇ ಹೇಳುತ್ತಿತ್ತು. ಒತ್ತಡ ನಿಜವಾಗಿಯೂ ೫೫ ಆಗಿದೆ! ಥ್ರಾಟಲಿನ ಬಾಗಿಲನ್ನು ತಪ್ಪಿಸಿ ಗಾಳಿ ಬೇರೆಲ್ಲಿಂದಲೋ ಒಳನುಗ್ಗುತ್ತಿದೆ. ಎಲ್ಲಿಂದ? ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಿಂದ ಇರಬಹುದು, ಒಣಗಿ ಸೀಳಿದ ರಬ್ಬರು ನಳಿಗೆಯಿಂದ ಇರಬಹುದು. ಬ್ರೇಕಿನ ಬೂಸ್ಟರಿಗೆ ಹೋಗುವ ದಪ್ಪ ನಳಿಗೆಯಿಂದಲೂ ಇರಬಹುದು.

ಕೊನೆಯದು ಉಪೇಕ್ಷಿಸತಕ್ಕದ್ದಲ್ಲ. ಪೆಟ್ರೋಲ್ ಕಾರುಗಳಲ್ಲಿ ಬ್ರೇಕನ್ನು ಹಗುರಮಾಡುವ ಬಲವು ಸಾಮಾನ್ಯವಾಗಿ ಮ್ಯಾನಿಫೋಲ್ಡಿನ ಈ ಕಡಮೆ ಒತ್ತಡದಿಂದಲೇ ಬರುವುದು. ಬೂಸ್ಟರಿನ ಅಗಲವಾದ ಪೊರೆಯ ಒಂದು ಬದಿಯಲ್ಲಿ ಮ್ಯಾನಿಫೋಲ್ಡಿನ ಒತ್ತಡ, ಇನ್ನೊಂದು ಬದಿಯಲ್ಲಿ ಹೊರಗಿನದು. ಎರಡರ ಅಂತರ ನಮ್ಮ ಕಾಲಿನ ಜೊತೆಗೂಡಿ ತಳ್ಳುತ್ತದೆ. ೯೪ ಮತ್ತು ೩೫ರ ಅಂತರ ೫೯. ಸೋರಿಕೆಯಿಂದ ಮ್ಯಾನಿಫೋಲ್ಡು ೫೫ಕ್ಕೆ ಏರಿದರೆ ಅಂತರ ೩೯ಕ್ಕಿಳಿಯುತ್ತದೆ. ನೆರವು ಮೂರನೆಯ ಒಂದು ಪಾಲು ಕಡಮೆಯಾಯಿತು. ನಳಿಗೆ ಪೂರ್ತಿ ಸೀಳಿದರೆ ನೆರವೇ ಇಲ್ಲ; ಪೆಡಲು ಕಲ್ಲಿನಂತಾಗುತ್ತದೆ. ಸೆನ್ಸರನ್ನು ಬದಲಾಯಿಸಿ ದೋಷಸಂಖ್ಯೆಯನ್ನು ಅಳಿಸಿ, ದೀಪ ಆರಿತೆಂದು ಸಮಾಧಾನಗೊಂಡು, ಮಳೆಗಾಲದಲ್ಲಿ ಬಾಳೆಬರೆಯ ತಿರುವಿಗೆ ಇಂಥ ಕಾರನ್ನು ಇಳಿಸುವುದು ಎಷ್ಟು ಅಪಾಯಕರವೆಂದು ಆ ರಸ್ತೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಪರೀಕ್ಷೆ ಸುಲಭವಾಗಿದೆ. ಎಂಜಿನು ನಿಂತಿರುವಾಗ ಬ್ರೇಕನ್ನು ನಾಲ್ಕೈದು ಬಾರಿ ಅದುಮಿರಿ, ಪೆಡಲು ಗಟ್ಟಿಯಾಗುತ್ತದೆ. ಅದುಮಿ ಹಿಡಿದುಕೊಂಡೇ ಎಂಜಿನನ್ನು ಚಾಲೂ ಮಾಡಿದರೆ ಪೆಡಲು ತಾನಾಗಿ ಒಂದಿಷ್ಟು ಕೆಳಗಿಳಿಯಬೇಕು. ಇಳಿಯದಿದ್ದರೆ ಆ ಕಾರನ್ನು ಘಾಟಿಗೆ ಒಯ್ಯಬಾರದು.

ಕೆಲವು ಕಾರುಗಳಲ್ಲಿ ಸೆನ್ಸರು ಮ್ಯಾನಿಫೋಲ್ಡಿನ ಮೇಲಿರದೆ, ಗೋಡೆಗೆ ಬಿಗಿಯಲ್ಪಟ್ಟು ಒಂದು ಸಣ್ಣ ನಳಿಗೆಯ ಮೂಲಕ ಒತ್ತಡವನ್ನು ಪಡೆಯುತ್ತದೆ. ಈ ನಳಿಗೆಯೇ ಸೀಳಿದರೆ ಸ್ಥಿತಿ ಬೇರೆ. ಎಂಜಿನಿನೊಳಗೆ ಹೋಗುವ ಗಾಳಿ ಅಷ್ಟೇ ಇರುತ್ತದೆ, ಆದರೆ ಸೆನ್ಸರಿಗೆ ಹೊರಗಿನ ಗಾಳಿಯೂ ತಗುಲಿ ಒತ್ತಡ ಹೆಚ್ಚೆಂದು ಕಾಣುತ್ತದೆ. ಗಣಕವು ಇಲ್ಲದ ಗಾಳಿಗೆ ಪೆಟ್ರೋಲನ್ನು ಬಡಿಸುತ್ತದೆ. ಕರಿಯ ಹೊಗೆ, ಹಸಿ ಪೆಟ್ರೋಲಿನ ವಾಸನೆ, ಕರಿಗಟ್ಟಿದ ಪ್ಲಗ್ಗುಗಳು, ಕುಸಿದ ಮೈಲೇಜು ಇದರ ಚಿಹ್ನೆಗಳು. ಗೇಣುದ್ದದ ಹೊಸ ನಳಿಗೆಯಿಂದ ಇದು ವಾಸಿಯಾಗುತ್ತದೆ. ನಳಿಗೆ ಸೀಳದೆ ಎಣ್ಣೆ ಮಸಿಗಳಿಂದ ಕಟ್ಟಿಕೊಂಡಿದ್ದರೆ ಸುದ್ದಿ ತಡವಾಗಿ ತಲಪುತ್ತದೆ. ಆಕ್ಸಿಲರೇಟರು ಅದುಮಿದೊಡನೆ ಕಾರು ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುತ್ತದೆ.

ಮಲೆನಾಡಿಗೆ ವಿಶೇಷವಾದ ಕಾಯಿಲೆಯೆಂದರೆ ತೇವ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹುಲಿಕಲ್ಲೂ ಅದಕ್ಕೆ ಸರಿಸಾಟಿಯಾದ ಊರು. ತಿಂಗಳುಗಟ್ಟಲೆ ಬಿಸಿಲು ಕಾಣದ ಕಾರಿನಲ್ಲಿ ತಂತಿಯ ಕೊಂಡಿಯೊಳಗಿನ ಹಿತ್ತಾಳೆಯ ತುದಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕೊಟ್ಟಿಗೆಯ ಮಗ್ಗುಲಲ್ಲಿ ನಿಲ್ಲಿಸಿದ ಕಾರಿನ ತಂತಿಗಳು ಇಲಿಗಳಿಗೆ ಆಹಾರವಾಗುವುದೂ ಅಪರೂಪವಲ್ಲ. ಅರ್ತ್ ತಂತಿಯ ತುದಿ ಕಿಲುಬಿದರೆ ಸುದ್ದಿಯ ವೋಲ್ಟು ಇರಬೇಕಾದುದಕ್ಕಿಂತ ಮೇಲಕ್ಕೆ ಹೋಗುತ್ತದೆ. ಕೀಲಿ ತಿರುಗಿಸಿದಾಗ ೧೦೪ ಬಂದರೆ ಅರಳಸುರಳಿಯು ಸಮುದ್ರಮಟ್ಟಕ್ಕಿಂತ ಇನ್ನೂರು ಮೀಟರು ಕೆಳಗಿದೆಯೆಂದು ಸೆನ್ಸರು ಸಾರಿದಂತಾಯಿತು! ದೋಷ ಕೊಂಡಿಯಲ್ಲಿದೆಯೆಂದು ಆಗಲೇ ಶಂಕಿಸಬೇಕು. ಸುದ್ದಿ ತೀರ ಕೆಳಗಿಳಿದರೆ ಪಿ-೦೧೦೭, ತೀರ ಮೇಲೇರಿದರೆ ಪಿ-೦೧೦೮ ಎಂಬ ಸಂಖ್ಯೆಗಳು ದಾಖಲಾಗುತ್ತವೆ. ಇವು ತಂತಿಯ ಜಾಡಿನಲ್ಲಿ ಎಲ್ಲಿಯೋ ದೋಷವಿದೆಯೆಂದು ಹೇಳುತ್ತವೆಯೇ ಹೊರತು ಸೆನ್ಸರನ್ನು ಬದಲಾಯಿಸೆಂದು ಅಪ್ಪಣೆ ಕೊಡುವುದಿಲ್ಲ.

ಶುಚಿಮಾಡುವ ಕ್ರಮ ಇಷ್ಟು. ಕೀಲಿಯನ್ನು ತೆಗೆದು, ಕೊಂಡಿಯನ್ನು ಅದರ ಚಿಮಟಿ ಒತ್ತಿ ಬಿಡಿಸಿ, ತಿರುಪನ್ನು ಕಳಚಿ, ಸೆನ್ಸರನ್ನು ಸ್ವಲ್ಪ ಅತ್ತಿತ್ತ ತಿರುಗಿಸುತ್ತ ಮೇಲೆತ್ತಿರಿ. ಮೀಟುಗೋಲಿನಿಂದ ಎಬ್ಬಿದರೆ ಪ್ಲಾಸ್ಟಿಕ್ಕು ಮುರಿಯುತ್ತದೆ. ಮೂತಿಯನ್ನು ಕೆಳಮುಖವಾಗಿ ಹಿಡಿದು, ಸೆನ್ಸರುಗಳಿಗೆಂದೇ ಮಾರುವ ಶುಚಿದ್ರವವನ್ನು ಹಿತವಾಗಿ ಸಿಂಪಡಿಸಿ, ತೊಟ್ಟಿಕ್ಕಲು ಬಿಟ್ಟು, ನೆರಳಿನಲ್ಲಿ ಆರಿಸಬೇಕು. ಕಾರ್ಬುರೇಟರಿಗೆ ಬಳಸುವ ತೀಕ್ಷ್ಣ ದ್ರವ ಸಲ್ಲದು. ಪೊರೆಯನ್ನು ಕಾಯುವ ಮೆದುವಾದ ಲೇಪವನ್ನು ಅದು ಕರಗಿಸಬಹುದು. ತೂತಿನೊಳಗೆ ಸೂಜಿ, ಕಡ್ಡಿ ಹಾಕುವುದಾಗಲಿ, ಪಂಕ್ಚರು ಅಂಗಡಿಯ ಗಾಳಿಯನ್ನು ಊದುವುದಾಗಲಿ ಪೊರೆಗೆ ಮೃತ್ಯುವೇ ಸರಿ. ಆ ಗಾಳಿಯ ಒತ್ತಡ ಪೊರೆ ತಾಳಬೇಕಾದುದಕ್ಕಿಂತ ಹಲವು ಪಟ್ಟು ಹೆಚ್ಚು. ರಬ್ಬರು ಉಂಗುರ ಚಪ್ಪಟೆಯಾಗಿದ್ದರೆ ಹೊಸದನ್ನು ಹಾಕಿರಿ. ಹಳೆಯದನ್ನು ಉಳಿಸಿ ಮೂರು ಕಾಸು ಮಿಗಿಸಲು ಹೋದರೆ ಹೊಸದೊಂದು ಸೋರಿಕೆಯನ್ನು ನಾವೇ ಮಾಡಿಟ್ಟಂತಾಗುತ್ತದೆ.

ಟರ್ಬೊ ಇರುವ ಡೀಸೆಲ್ ವಾಹನಗಳ ಸೆನ್ಸರು ಹೊರಗಿನ ಒತ್ತಡದ ಎರಡು ಮೂರು ಪಟ್ಟನ್ನೂ ಅಳೆಯಬೇಕಾಗಿರುವುದರಿಂದ ಅದರ ವೋಲ್ಟಿನ ಲೆಕ್ಕ ಬೇರೆ. ಹೊರಗೆ ಒಂದೇ ರೂಪವಾಗಿ ಕಂಡರೂ ಒಂದರ ಬದಲಿಗೆ ಇನ್ನೊಂದನ್ನು ಹಾಕುವಂತಿಲ್ಲ. ಮೈಮೇಲಿನ ಸಂಖ್ಯೆಯನ್ನು ನೋಡಿ ಕೊಳ್ಳಬೇಕು. ಕೀಲಿ ತಿರುಗಿಸಿದಾಗ ಕಿಲೋಪಾಸ್ಕಲಿನಲ್ಲಿ ಬರಬೇಕಾದ ಉತ್ತರ ಮಾತ್ರ ಇದಕ್ಕೂ ೯೪ ಅಷ್ಟೇ. ಹೊಗೆಯ ಒಂದು ಭಾಗವನ್ನು ಮತ್ತೆ ಒಳಕ್ಕೆ ತಿರುಗಿಸುವ ಏರ್ಪಾಡು ಡೀಸೆಲ್ ವಾಹನಗಳಲ್ಲಿರುವುದರಿಂದ ಇವುಗಳ ಮೂತಿಗೆ ಮಸಿ ಕಟ್ಟುವುದು ಬಹಳ. ಹದಿನೈದು ಇಪ್ಪತ್ತು ಸಾವಿರ ಕಿಲೋಮೀಟರಿಗೊಮ್ಮೆ ತೆಗೆದು ನೋಡುವುದು ಮೇಲು.

೨೦೨೦ರ ಏಪ್ರಿಲಿನಿಂದ ಭಾರತ್ ಸ್ಟೇಜ್ ಆರನೆಯ ಹಂತದ ನಿಯಮಗಳು ಜಾರಿಗೆ ಬಂದಮೇಲೆ ಬಹುಪಾಲು ಸ್ಕೂಟರು, ಮೋಟಾರುಬೈಕುಗಳಲ್ಲಿಯೂ ಕಾರ್ಬುರೇಟರು ಹೋಗಿ ಈ ಸೆನ್ಸರು ಬಂದಿದೆ. ಒಂದೇ ಸಿಲಿಂಡರಿನ ಎಂಜಿನಿನಲ್ಲಿ ಒತ್ತಡವು ಸ್ಥಿರವಾಗಿ ನಿಲ್ಲದು. ಪಿಸ್ಟನ್ನು ಹೀರಿದಾಗಲೊಮ್ಮೆ ಕುಸಿದು, ಕವಾಟ ಮುಚ್ಚಿದಮೇಲೆ ಏರುತ್ತದೆ. ಗಣಕವು ಈ ಮಿಡಿತವನ್ನೇ ಹಿಡಿದು, ಪಿಸ್ಟನ್ನು ಈಗ ಹೀರುತ್ತಿದೆಯೋ ಹೊಗೆಯನ್ನು ದೂಡುತ್ತಿದೆಯೋ ಎಂಬುದನ್ನು ಹಲವು ಬೈಕುಗಳಲ್ಲಿ ತಿಳಿದುಕೊಳ್ಳುತ್ತದೆ. ಅದಕ್ಕೆಂದು ಇನ್ನೊಂದು ಸೆನ್ಸರು ಬೇಕಾಗುವುದಿಲ್ಲ. ಇವುಗಳಲ್ಲಿ ಸೆನ್ಸರು ಸಾಮಾನ್ಯವಾಗಿ ಥ್ರಾಟಲಿನ ಮೈಗೇ ಅಂಟಿಕೊಂಡಿರುತ್ತದೆ. ಮಳೆಗಾಲದ ಕೆಸರನ್ನು ತೊಳೆಯುವಾಗ ಪಂಪಿನ ನೀರಿನ ಧಾರೆಯನ್ನು ಆ ಕಡೆಗೆ ಹಿಡಿಯದೆ, ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುವುದು ಸರಿಯಾದ ಕ್ರಮ.